ಅವ್ವ ನೂತ ನೂಲು

ದೇಶಭಕ್ತಿ ಎಂಬ ಮಾತನ್ನು ನಮ್ಮ ಅವ್ವನ ಬಾಯಿಂದ ನಾನು ಎಂದೂ ಕೇಳಿಲ್ಲ. ಆದರೆ ಅವಳ ಹರೆಯ ಮತ್ತು ನಡುವಯಸ್ಸು ಪೂರ್ತಿ ಅವಳು ನೂತ ನೂಲು ರಾಷ್ಟ್ರಧ್ವಜದ ಬಟ್ಟೆಗೆ ಹೋಗಿದೆ. ಧಾರವಾಡ ತಾಲ್ಲೂಕಿನ ಗರಗ ನಮ್ಮೂರಿಗೆ ಹತ್ತಿರ. ಗರಗ ಅಂದರೆ ಸುತ್ತಿನ ಮಂದಿಗೆ ಮೊದಲು ನೆನಪಾಗುವುದು ಮಡಿವಾಳಜ್ಜನ ಮಠ, ಆಮೇಲೆ ಅಲ್ಲಿಯ ಖಾದಿ. ಧ್ವಜಕ್ಕೆಂದೇ ನೇಯುವ ಖಾದಿ ದಶಕಗಳಿಂದ ಅಲ್ಲಿಯ ಮಗ್ಗಗಳಿಂದ ಇಳಿದು ಊರೂರಿಗೆ ಹೋಗಿದೆ. ಮಗ್ಗಕ್ಕೆ ನೂಲು ಬೇಕು. ಆ ನೂಲಿಗಾಗಿ ಸುತ್ತಲಿನ ಹಳ್ಳಿಗಳ ಹೆಂಗಸರು ಚರಕದ ಮುಂದೆ ಕೂತರು. ನಮ್ಮ ಅವ್ವ ಅವರಲ್ಲಿ ಒಬ್ಬಳು.

ನಮ್ಮೂರಿನ ನೂಲುವ ಕೇಂದ್ರ ಹಂಚಿನ ಮಾಡಿನ ಉದ್ದನೆಯ ಒಂದು ಕೋಣೆ. ಅದರೊಳಗೆ ಎರಡು ಸಾಲು ಅಂಬರ ಚರಕ. ಗಾಂಧೀಜಿ ಫೋಟೊದಲ್ಲಿರುವ ರಾಟಿಗೂ ಇದಕ್ಕೂ ಹೋಲಿಕೆಯಿಲ್ಲ. ಅಂಬರ ಚರಕದಲ್ಲಿ ಒಂದೇ ಹಿಡಿಕೆ ತಿರುವಿದರೆ ಹಲವು ಕದಿರು ಒಟ್ಟಿಗೆ ಓಡುತ್ತವೆ, ಹಲವು ಎಳೆ ಒಟ್ಟಿಗೆ ಇಳಿಯುತ್ತವೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ತಮಿಳುನಾಡಿನ ಏಕಾಂಬರನಾಥನ್ ಇದನ್ನು ರೂಪಿಸಿದರು. ಹೆಂಗಸರು ಬಲಗೈಲಿ ಹಿಡಿಕೆ ತಿರುವುತ್ತ ಕಣ್ಣನ್ನು ಎಳೆಗಳ ಮೇಲೆ ನೆಟ್ಟಿರಬೇಕು. ಒಂದು ಎಳೆ ಹರಿದರೂ ಹಿಡಿಕೆ ನಿಲ್ಲಿಸಿ, ಹರಿದ ತುದಿಗೆ ಹೊಸ ಅರಳೆಯ ತುದಿ ಸೇರಿಸಿ, ಬೆರಳಲ್ಲಿ ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ. ಒಂದು ಲಡಿ ಅಂದರೆ 1000 ಮೀಟರ್ ನೂಲು, ಕೂಲಿ ಲಡಿಯ ಲೆಕ್ಕದಲ್ಲಿ. ಕೂಲಿ ಆಗಲೂ ಕಡಿಮೆಯಿತ್ತು, ಈಗಲೂ ಹೆಚ್ಚಿಲ್ಲ. ಖಾದಿಯನ್ನು ಹೊಗಳುವವರು ಈ ಮಾತನ್ನು ಮೆಲ್ಲಗೆ ದಾಟಿಹೋಗುತ್ತಾರೆ. ನಾನು ದಾಟಲಾರೆ, ಯಾಕೆಂದರೆ ನನ್ನ ಶಾಲೆಯ ಪಾಟಿ, ಪುಸ್ತಕ, ಮುಂದೆ ಧಾರವಾಡದ ಕಾಲೇಜಿನ ಫೀ ಎಲ್ಲ ಆ ಲಡಿಗಳಿಂದಲೇ ಬಂದದ್ದು. ಅಪ್ಪನ ಹೊಲ ಹೊಟ್ಟೆಗಾಯಿತು, ಅವ್ವನ ನೂಲು ಓದಿಗಾಯಿತು.

ಧ್ವಜದ ಬಟ್ಟೆಯ ನೂಲು ಎಂದರೆ ಕೇಂದ್ರದಲ್ಲಿ ಬೇರೆಯೇ ಬಿಗಿ ಇರುತ್ತಿತ್ತು. ಅಂಗಿ ಬಟ್ಟೆಗೆ ಹೋಗುವ ನೂಲಿನಲ್ಲಿ ಅಲ್ಲಲ್ಲಿ ದಪ್ಪ ತೆಳುವಾದರೂ ಅದೇ ಖಾದಿಯ ಚೆಲುವೆಂದು ಕೊಳ್ಳುವವರು ಇದ್ದಾರೆ. ಧ್ವಜಕ್ಕೆ ಅದು ನಡೆಯುವುದಿಲ್ಲ. ಸ್ವತಂತ್ರ ಭಾರತ ತಾನು ತಯಾರಿಸುವ ವಸ್ತುಗಳಿಗೆ ಗುಣಮಟ್ಟದ ನಿಯಮ ಬರೆಯತೊಡಗಿದಾಗ ಮೊದಲ ಸಂಖ್ಯೆ ಕೊಟ್ಟದ್ದು ಧ್ವಜಕ್ಕೇ: ಐಎಸ್ 1. ಅದು 1951ರಲ್ಲಿ ಬಂತು. ಸಿಮೆಂಟಿಗೆ, ಕಬ್ಬಿಣಕ್ಕೆ, ಕುಡಿಯುವ ನೀರಿಗೆ ಬಂದ ನಿಯಮಗಳೆಲ್ಲ ಅದರ ನಂತರದವು. ಎಳೆಗಳ ಎಣಿಕೆ, ಬಟ್ಟೆಯ ತೂಕ, ಎಳೆದರೆ ತಡೆಯುವ ಬಲ, ಬಿಸಿಲಿಗೂ ನೀರಿಗೂ ಬಣ್ಣ ನಿಲ್ಲುವ ಗುಣ, ಎಲ್ಲವೂ ಅದರಲ್ಲಿ ಬರೆದಿವೆ. ಮೈಗೆ ಒಂದು ಬಗೆಯ ಖಾದಿ, ಹಗ್ಗ ಹಾಯುವ ಪಟ್ಟಿಗೆ ಇನ್ನೊಂದು ಬಗೆಯ ಒರಟು ಖಾದಿ. ಧ್ವಜಕ್ಕೆ ಒಂಬತ್ತು ಅಳತೆ, ಉದ್ದ ಅಗಲ ಮೂರಕ್ಕೆ ಎರಡರಂತೆ. ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಅತಿ ಚಿಕ್ಕದು ಮೇಜಿನ ಮೇಲೆ ಇಡುವಂಥದ್ದು, 150ಕ್ಕೆ 100.

ಅವ್ವನಿಗೆ ಈ ಸಂಖ್ಯೆಗಳು ಗೊತ್ತಿರಲಿಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕತ್ತಲಲ್ಲಿ ಕೂಡ ನೂಲನ್ನು ಬೆರಳ ನಡುವೆ ಹಾಯಿಸಿ ‘ಇಲ್ಲಿ ಸಡಲ ಐತಿ’ ಎಂದು ಹೇಳಬಲ್ಲಳು. ಕೇಂದ್ರದ ಮಾಸ್ತರು ಲಡಿ ತೂಗುವಾಗ ಬೇರೆಯವರದನ್ನು ಎಳೆದು ನೋಡುತ್ತಿದ್ದರು. ಅವ್ವನದನ್ನು ಹಾಗೇ ಚೀಲಕ್ಕೆ ಹಾಕುತ್ತಿದ್ದರು. ಅದು ಅವಳಿಗೆ ಸಿಕ್ಕ ಏಕೈಕ ಬಿರುದು. ಆ ಬಿರುದಿನ ಬಗ್ಗೆ ಅವಳಿಗೆ ಬಹಳ ಅಭಿಮಾನವಿತ್ತು, ಇರಬೇಕಾದದ್ದೇ.

ನೂಲಿನ ಹುಚ್ಚು ನಮ್ಮ ಮನೆಗೆ ಬಂದದ್ದು ಆಯಿಯ ಕಾಲಕ್ಕೆ. ಆಯಿ, ಅಂದರೆ ಅವ್ವನ ತಾಯಿ, ಹಾವೇರಿ ಕಡೆಯವಳು. ಅವಳ ತವರಿನ ಸುತ್ತಮುತ್ತ ಮೈಲಾರ ಮಹಾದೇವಪ್ಪನವರ ಹೆಸರು ಮನೆಮಾತು. ಮೋಟೆಬೆನ್ನೂರಿನ ಮಹಾದೇವಪ್ಪ ಇಪ್ಪತ್ತು ತುಂಬದ ವಯಸ್ಸಿನಲ್ಲಿ ಗಾಂಧೀಜಿ ಜೊತೆ 1930ರ ದಂಡಿಯಾತ್ರೆಯಲ್ಲಿ ನಡೆದವರು. ಆಮೇಲೆ ಊರಿಗೆ ಮರಳಿ ಖಾದಿ ಕೆಲಸ ಹಿಡಿದರು. ಕ್ವಿಟ್ ಇಂಡಿಯಾ ಚಳವಳಿಯ ಕಾವಿನಲ್ಲಿ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಗುಂಡು ತಗುಲಿ ಬಿದ್ದರು. ಅವರೊಂದಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಕೂಡ ಬಲಿಯಾದರು. ಆದರೆ ಆಯಿ ಕಥೆ ಹೇಳುವಾಗ ಮಹಾದೇವಪ್ಪನವರಲ್ಲಿ ನಿಲ್ಲುತ್ತಿರಲಿಲ್ಲ. ಅವರ ಹೆಂಡತಿ ಸಿದ್ದಮ್ಮನವರ ಹತ್ತಿರ ಬಂದು ಅಲ್ಲಿ ಕೂತುಬಿಡುತ್ತಿದ್ದಳು. ಸಿದ್ದಮ್ಮನವರೂ ಸಾಬರಮತಿ ಆಶ್ರಮಕ್ಕೆ ಹೋದವರು, ಜೈಲು ಕಂಡವರು. ‘ಗಂಡ ಹ್ವಾದ ಮ್ಯಾಲೂ ಆಕಿ ರಾಟಿ ಬಿಡಲಿಲ್ಲಂತ’ ಎಂದು ಆಯಿ ಹೇಳುತ್ತಿದ್ದಳು. ಅದು ಊರಿನ ಮಾತೋ, ಅವಳೇ ಕಟ್ಟಿಕೊಂಡ ಮಾತೋ, ನಮಗೆ ಅದನ್ನು ಬೇರೆ ಮಾಡಿ ನೋಡುವ ಮನಸ್ಸಾಗಲಿಲ್ಲ. ರಾಟಿ ಬಿಡದ ಹೆಂಗಸು ಎಂಬ ಚಿತ್ರ ಆಯಿಯಿಂದ ಅವ್ವನಿಗೆ ಬಂತು, ಅವ್ವನ ಕೈಯಿಂದ ನಮಗೆ ಬಂತು.

ಚರಕ ಒಂದು ಕಾಲಕ್ಕೆ ಧ್ವಜದ ನಡುವೆಯೇ ಇತ್ತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಜನ ಸೇರಿದ್ದು, ಗುಂಡು ತಿಂದು ಪ್ರಾಣ ಬಿಟ್ಟದ್ದು ಚರಕವಿದ್ದ ಆ ಧ್ವಜಕ್ಕಾಗಿ. 1947ರ ಜುಲೈ 22ರಂದು ಸಂವಿಧಾನ ಸಭೆ ಈಗಿನ ಧ್ವಜವನ್ನು ಒಪ್ಪಿದಾಗ ಚರಕದ ಜಾಗಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರ ಬಂತು, ಇಪ್ಪತ್ನಾಲ್ಕು ಅರೆಗಳ ಕಡುನೀಲಿ ಚಕ್ರ. ಚರಕ ಹೋದದ್ದಕ್ಕೆ ಗಾಂಧೀಜಿ ನೊಂದರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಈ ಪಾಠ ಹೇಳುವಾಗಲೆಲ್ಲ ನಾನು ಒಂದು ಮಾತು ಸೇರಿಸುತ್ತಿದ್ದೆ: ಚರಕ ಚಿತ್ರದಿಂದ ಹೋಯಿತು, ಬಟ್ಟೆಯಿಂದ ಹೋಗಲಿಲ್ಲ. ಧ್ವಜ ಕೈನೂಲು ಕೈಮಗ್ಗದ ಖಾದಿಯದೇ ಆಗಬೇಕೆಂಬ ನಿಯಮ ಇದ್ದಷ್ಟು ಕಾಲ ಚರಕ ಪ್ರತಿ ಧ್ವಜದ ಒಳಗೂ ಇತ್ತು. ಕಾಣದಿದ್ದರೂ ಇತ್ತು. ಹೇಳುವಾಗ ನನ್ನ ಕಣ್ಣ ಮುಂದೆ ಇರುತ್ತಿದ್ದದ್ದು ಸಾಬರಮತಿಯಲ್ಲ, ನಮ್ಮೂರಿನ ಹಂಚಿನ ಕೋಣೆ.

ಅವ್ವನ ದಿನ ಶುರುವಾಗುತ್ತಿದ್ದದ್ದು ಲಿಂಗಪೂಜೆಯಿಂದ. ಸ್ನಾನ ಮಾಡಿ, ಹಣೆಗೆ ಇಬತ್ತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಅದಾದ ಮೇಲೆ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಕೇಂದ್ರಕ್ಕೆ ಹೊರಡುವಳು. ಚರಕದ ಮುಂದೆ ಕೂರುವ ಮೊದಲು ಅದಕ್ಕೂ ಒಮ್ಮೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವಳು. ಕೈಯಲ್ಲಿನ ಲಿಂಗ ಮತ್ತು ಮುಂದಿನ ಚರಕ ಇವೆರಡರ ನಡುವೆ ಅವಳಿಗೆ ಗೆರೆ ಇರಲಿಲ್ಲ. ಬಸವಣ್ಣನ ಕಾಲದ ಶರಣರು ಕಾಯಕದ ಬಗ್ಗೆ ಹೇಳಿದ್ದನ್ನೆಲ್ಲ ನಾನು ಎಂ.ಎ. ತರಗತಿಯಲ್ಲಿ ಓದಿದೆ. ಓದುವ ಎಷ್ಟೋ ಮೊದಲೇ ಅದನ್ನು ಕಣ್ಣಾರೆ ನೋಡಿದ್ದೆ. ಮಾಡಿದ ಕೆಲಸ ಕೆಡಬಾರದು, ಕೆಟ್ಟ ನೂಲು ಕೊಟ್ಟು ಕೂಲಿ ಇಸಗೊಂಡರೆ ಅದು ಮೈಗೆ ಹತ್ತುವುದಿಲ್ಲ ಎಂದು ಅವಳು ಹೇಳುವಾಗ ಅದರಲ್ಲಿ ದೇವರ ಭಯವೂ ಇತ್ತು, ದೇವರ ಮೇಲಿನ ಪ್ರೀತಿಯೂ ಇತ್ತು.

ಅವಳ ಎದುರಿನ ಚರಕದಲ್ಲಿ ಕೂರುತ್ತಿದ್ದವಳು ಒಬ್ಬ ಮುಸ್ಲಿಂ ಹೆಂಗಸು. ನಾವು ಅವಳನ್ನು ಚಿಗವ್ವ ಎಂದೇ ಕರೆಯುತ್ತಿದ್ದೆವು. ರಂಜಾನ್ ಬೇಸಿಗೆಯಲ್ಲಿ ಬಂದ ವರ್ಷಗಳಲ್ಲಿ ಇಡೀ ದಿನ ಹನಿ ನೀರಿಲ್ಲದೆ ಅವಳು ಹಿಡಿಕೆ ತಿರುವುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಉಳಿದ ಹೆಂಗಸರು ಎದ್ದು ಹೊರಗಿನ ಬೇವಿನ ಗಿಡದ ಕೆಳಗೆ ಹೋಗುತ್ತಿದ್ದರು, ಅವಳ ಮುಂದೆ ಉಣ್ಣಬಾರದೆಂದು. ಯಾರೂ ಹೇಳಿಕೊಟ್ಟದ್ದಲ್ಲ. ಮೊಹರಂ ಬಂದರೆ ಅವ್ವ ಪಂಜಾಕ್ಕೆ ಸಕ್ಕರೆ ಓದಿಸಿಕೊಂಡು ಬರುವಳು. ಮಡಿವಾಳಜ್ಜನ ಜಾತ್ರೆಗೆ ಚಿಗವ್ವ ಮಕ್ಕಳನ್ನು ಕಟ್ಟಿಕೊಂಡು ನಮ್ಮ ಚಕ್ಕಡಿಯಲ್ಲೇ ಕೂರುವಳು. ಈಗ ದೇಶದ ಹೆಸರಿನಲ್ಲಿ ಯಾರಾದರೂ ಒಬ್ಬರ ನಂಬಿಕೆಯನ್ನು ಅಳೆಯಲು ಹೊರಟಾಗ ನನಗೆ ನೋವಾಗುತ್ತದೆ. ಆ ಧ್ವಜದ ಒಂದು ಅಂಗೈಯಗಲ ಬಟ್ಟೆಯನ್ನು ಬಿಚ್ಚಿದರೆ ಅದರಲ್ಲಿ ಯಾರ ಯಾರ ಎಳೆ ಇದೆಯೆಂದು ನಾನು ಬಲ್ಲೆ. ಹಾಸಿನಲ್ಲಿ ಒಬ್ಬರದು, ಹೊಕ್ಕಿನಲ್ಲಿ ಇನ್ನೊಬ್ಬರದು. ಅವನ್ನು ಬೇರೆ ಮಾಡಿದರೆ ಬಟ್ಟೆಯೇ ಉಳಿಯುವುದಿಲ್ಲ.

ನಾನು ಹುಟ್ಟಿದ ಮೇಲೆ ಬಹಳ ವರ್ಷ ಅವ್ವನಿಗೆ ಮಕ್ಕಳು ನಿಲ್ಲಲಿಲ್ಲ. ಯಾರೋ ನಂದಗಡಕ್ಕೆ ಹೋಗಿ ಹರಕೆ ಹೊರು ಎಂದರು. ಖಾನಾಪುರ ತಾಲ್ಲೂಕಿನ ನಂದಗಡ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಅಲ್ಲಿ ಅವನ ಸಮಾಧಿಯಿದೆ, ಆಲದ ಮರವಿದೆ. ಮಕ್ಕಳಾಗಲೆಂದು ಬೇಡಿಕೊಂಡವರು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಬ್ರಿಟಿಷರು ಬಂಡುಕೋರನೆಂದು ಕೊಂದವನನ್ನು ನಮ್ಮ ಹೆಂಗಸರು ಮಕ್ಕಳ ಕೊಡುವ ದೇವರನ್ನಾಗಿ ಮಾಡಿಕೊಂಡರು. ಅವನ ನೆನಪನ್ನು ಇಷ್ಟು ಕಾಲ ಬೆಚ್ಚಗೆ ಇಟ್ಟದ್ದು ಇತಿಹಾಸದ ಪುಸ್ತಕಗಳಿಗಿಂತ ಹೆಚ್ಚಾಗಿ ಈ ತೊಟ್ಟಿಲುಗಳೇ ಎಂದು ನನ್ನ ನಂಬಿಕೆ. ಅವ್ವ ಅಪ್ಪನ ಜೊತೆ ಹೋಗಿ ಬೇಡಿಕೊಂಡಳು. ತಮ್ಮ ಹುಟ್ಟಿದ. ಹರಕೆ ತೀರಿಸಲು ನಾವೆಲ್ಲ ಹೋದ ನೆನಪು ನನಗೆ ಚೆನ್ನಾಗಿ ಇದೆ. ಕೂಸನ್ನು ಮರದ ಬುಡದಲ್ಲಿ ಮಲಗಿಸಿ, ಬಣ್ಣದ ಕಟ್ಟಿಗೆಯ ಪುಟ್ಟ ತೊಟ್ಟಿಲು ಕಟ್ಟಿ, ಅವ್ವ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಅಪ್ಪ ಕಾಯಿ ಒಡೆದ, ಮಾದಲಿ ಎಡೆ ಹಿಡಿದ. ಹಿಂದಿರುಗುವ ಬಸ್ಸಿನಲ್ಲಿ ಅವ್ವ ಕೂಸಿನ ಕಿವಿಯಲ್ಲಿ ಏನೇನೋ ಹೇಳುತ್ತಲೇ ಇದ್ದಳು.

ಆ ತಮ್ಮ ಪಿಯುಸಿ ಮುಗಿಸಿ, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದ ಭರ್ತಿಗೆ ಗೆಳೆಯರ ಜೊತೆ ಹೋಗಿ, ಓಟದಲ್ಲಿ ಗೆದ್ದು, ಸೈನ್ಯಕ್ಕೆ ಸೇರಿಬಿಟ್ಟ. ಮನೆಯಲ್ಲಿ ಹೇಳಿದ್ದು ಆಯ್ಕೆಯಾದ ಮೇಲೆ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇರುವ ಒಬ್ಬ ಮಗ, ಹೊಲ ಯಾರು ನೋಡಬೇಕು ಎಂದ. ನಾನೂ ಅತ್ತೆ. ಅವ್ವ ಅಳಲಿಲ್ಲ. ಒಲೆಯ ಮುಂದೆ ಕೂತು ಬೆಂಕಿ ಸರಿಮಾಡುತ್ತ ಅಂದಳು: ‘ರಾಯಣ್ಣ ಕೊಟ್ಟಾನ. ಈಗ ಅವನ ಕೇಳ್ಯಾನ. ನಾವು ಹೆಂಗ ಇಲ್ಲನ್ನೂದು?’

ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಕೊಟ್ಟದ್ದನ್ನು ನೆನೆಯುವುದು, ಕೇಳಿದಾಗ ಕೈ ಹಿಂದೆ ತೆಗೆಯದಿರುವುದು. ದೇಶದ ಬಗ್ಗೆ ನಾನು ಓದಿದ, ಕೇಳಿದ, ಭಾಷಣಕ್ಕೆ ಬರೆದುಕೊಟ್ಟ ಯಾವ ಮಾತೂ ಅಷ್ಟು ಆಳಕ್ಕೆ ಹೋಗಿಲ್ಲ. ಅವ್ವ ಕೊಟ್ಟದ್ದು ದೇಶವೆಂಬ ದೊಡ್ಡ ಹೆಸರಿಗಲ್ಲ. ತನಗೆ ಮಗನನ್ನು ಕೊಟ್ಟ, ಇವತ್ತಿಗೂ ಹೆಸರು ಹಿಡಿದು ಮಾತಾಡಿಸಬಹುದಾದ ಒಬ್ಬನಿಗೆ. ಅವಳ ಕೃತಜ್ಞತೆಗೆ ಯಾವಾಗಲೂ ಒಂದು ಮುಖ ಇರುತ್ತದೆ.

ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15ರಂದು, ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ನಾವು ಧ್ವಜ ಏರಿಸುವ ಎರಡು ದಿನಗಳೂ ಅವನವೇ. ಶಿಕ್ಷಕಿಯಾದ ಹೊಸತರಲ್ಲಿ ಒಂದು ಸಂಜೆ ಇದನ್ನು ಅವ್ವನಿಗೆ ಹೇಳಿದೆ. ಅವಳಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ‘ಮತ್ತೇನವಾ, ಧ್ವಜಾನೂ ಅವಂದ ಆತು’ ಎಂದಳು. ಮರುದಿನ ಕೇಂದ್ರದಲ್ಲಿ ಎಲ್ಲರಿಗೂ ಇದೇ ಸುದ್ದಿ ಹೇಳಿ ಬಂದಳು.

ಧ್ವಜಕ್ಕೆ ಇಷ್ಟು ವರ್ಷ ನೂತವಳು ಧ್ವಜವನ್ನು ಹತ್ತಿರದಿಂದ ಕಂಡಿರಲಿಲ್ಲ. ಶಾಲೆಯ ಅಂಗಳದಲ್ಲಿ ಅದು ಯಾವಾಗಲೂ ಕಂಬದ ತುದಿಯಲ್ಲಿ. ಇಳಿಸುವ ಹೊತ್ತಿಗೆ ಹೆಂಗಸರು ಹೊಲದಲ್ಲಿ. ಮೊದಲ ಸಲ ಅದು ಅವಳ ಕೈಗೆ ಎಟಕುವಷ್ಟು ಹತ್ತಿರ ಬಂದದ್ದು ನಮ್ಮೂರ ಹುಡುಗನೊಬ್ಬನ ಮೈಮೇಲೆ. ತಮ್ಮನಿಗಿಂತ ಒಂದೆರಡು ವರ್ಷ ಚಿಕ್ಕವನು, ತಮ್ಮನನ್ನು ನೋಡಿಯೇ ಸೈನ್ಯಕ್ಕೆ ಸೇರಿದವನು. ಅವನ ತಾಯಿ ಅವ್ವನ ಪಕ್ಕದ ಚರಕದವಳು. ಕಾಶ್ಮೀರದಿಂದ ಬಂದ ಪೆಟ್ಟಿಗೆಯನ್ನು ಶಾಲೆಯ ಕಟ್ಟೆಯ ಮೇಲೆ ಇಟ್ಟಿದ್ದರು. ಸುತ್ತಲಿನ ಹಳ್ಳಿಗಳೆಲ್ಲ ಕೂಡಿದ್ದವು. ಕೇಸರಿ ಪಟ್ಟಿ ತಲೆಯ ಕಡೆಗೆ ಬರುವಂತೆ ಧ್ವಜ ಹೊದಿಸಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಕೈ ಮುಗಿದು ಬರುತ್ತಿದ್ದರು. ಅವ್ವ ಹೋದಳು. ಕೈ ಮುಗಿದವಳು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು, ಕೇಂದ್ರದಲ್ಲಿ ನೂಲನ್ನು ಹಿಡಿದು ನೋಡುವ ಹಾಗೆಯೇ. ಹಿಂದಿದ್ದ ನನ್ನ ಕಡೆ ತಿರುಗಿ ಅಂದಳು: ‘ನಮ್ಮ ಅರಿವಿ ಐತಿ ಇದು.’

ಧ್ವಜವನ್ನು ಚಿತೆಗೆ ಹಾಕುವುದಿಲ್ಲ, ಮಣ್ಣಿಗೂ ಇಳಿಸುವುದಿಲ್ಲ. ಅಂತ್ಯಕ್ರಿಯೆಗೆ ಮುಂಚೆ ತೆಗೆದು, ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಒಬ್ಬ ಅಧಿಕಾರಿ ಮೊಣಕಾಲೂರಿ ಆ ತಾಯಿಯ ಉಡಿಯಲ್ಲಿ ಅದನ್ನು ಇಟ್ಟರು. ಅವಳು ಅದನ್ನು ಎದೆಗೆ ಒತ್ತಿಕೊಂಡು ಕೂತಳು. ಆಮೇಲೆ ದೇವರ ಜಗುಲಿಯ ಮೇಲೆ, ಬೆಳ್ಳಿಯ ಮುಖವಾಡದ ಪಕ್ಕ ಇಟ್ಟಳು. ಈಗಲೂ ಅಲ್ಲಿಯೇ ಇದೆ. ಶ್ರಾವಣದಲ್ಲಿ ಮನೆ ಸಾರಿಸುವಾಗ ಮಾತ್ರ ತೆಗೆದು, ಬಿಳಿ ಪಂಚೆಯಲ್ಲಿ ಸುತ್ತಿ, ಮತ್ತೆ ಇಡುತ್ತಾಳೆ.

ದಿನಕರ್ಮಗಳು ಮುಗಿದ ಮೇಲೆ ಅವಳು ಕೇಂದ್ರಕ್ಕೆ ಬಂದಳು. ಯಾರೂ ಎದುರು ನೋಡಿರಲಿಲ್ಲ. ಮನೆಯಲ್ಲಿ ಕೂತರೆ ಜೀವ ನಿಲ್ಲುವುದಿಲ್ಲ ಎಂದಳಂತೆ. ಚರಕದ ಮುಂದೆ ಕೂತಳು, ಹಿಡಿಕೆ ತಿರುವಿದಳು, ಎಳೆ ಹರಿಯಿತು. ಮತ್ತೆ ಕೂಡಿಸಿದಳು, ಮತ್ತೆ ಹರಿಯಿತು. ಅವ್ವ ತನ್ನ ಚರಕ ನಿಲ್ಲಿಸಿ ಅವಳ ಪಕ್ಕ ಕೂತು ಎಳೆಗಳನ್ನು ಕೂಡಿಸಿಕೊಟ್ಟಳು. ಚಿಗವ್ವ ಎದ್ದು ಬಂದು ಇನ್ನೊಂದು ಬದಿಗೆ ಕೂತಳು. ಆ ತಿಂಗಳು ಆ ತಾಯಿಯ ಲೆಕ್ಕಕ್ಕೆ ಎಷ್ಟು ಲಡಿ ಬರಬೇಕಿತ್ತೋ ಅಷ್ಟೂ ಬಂದವು. ಯಾರ ಲಡಿ ಯಾರ ಲೆಕ್ಕಕ್ಕೆ ಹೋಯಿತೆಂದು ಹೆಂಗಸರು ಹೇಳಲಿಲ್ಲ, ಮಾಸ್ತರು ಕೇಳಲಿಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ನಾವು ಹೂಮಾಲೆ ತೆಗೆದುಕೊಂಡು ಹೋಗುತ್ತೇವೆ, ವೃತ್ತಕ್ಕೆ ಹೆಸರಿಡುತ್ತೇವೆ. ಅದೂ ಬೇಕು. ಆದರೆ ಹರಿದ ಎಳೆ ಕೂಡಿಸಲು ಪಕ್ಕದಲ್ಲಿ ಕೂರುವವರು ಬೇಕು, ಅದೂ ಮರುವಾರ, ಮರುತಿಂಗಳು, ಮರುವರ್ಷ. ಆ ಕೋಣೆಯಲ್ಲಿ ನಾನು ಕಂಡ ದೇಶ ಅದು.

ರಜೆಗೆ ಊರಿಗೆ ಬಂದಾಗ ತಮ್ಮ ಮೊದಲು ಆ ತಾಯಿಯ ಮನೆಗೆ ಹೋಗುತ್ತಿದ್ದ, ನಮ್ಮ ಮನೆಗೆ ಆಮೇಲೆ. ಎತ್ತರದ ಠಾಣ್ಯಗಳಲ್ಲಿ ಗಾಳಿಯ ಹೊಡೆತಕ್ಕೆ ಧ್ವಜದ ಹಾರುವ ತುದಿ ಬೇಗ ಎಳೆ ಬಿಡುತ್ತದೆ, ಹರಿದದ್ದನ್ನು ಹಾರಿಸುವಂತಿಲ್ಲ, ಗೌರವದಿಂದ ಸುಟ್ಟು ಹೊಸದನ್ನು ಏರಿಸುತ್ತೇವೆ ಎಂದು ಒಮ್ಮೆ ಹೇಳಿದ. ಅವ್ವನಿಗೆ ಅದು ಕೇಳಿ ಚಿಂತೆಯಾಯಿತು. ಅಂಚು ಇಮ್ಮಡಿ ಮಡಚಿ ಹೊಲಿಯುತ್ತಾರೋ ಇಲ್ಲವೋ ಎಂದು ಕೇಳಿದಳು. ಹೊಲಿಯುವ ಜಾಗ ನೋಡಬೇಕೆಂಬ ಆಸೆ ಅವಳಲ್ಲಿ ಹುಟ್ಟಿದ್ದು ಆಗಲೇ ಇರಬೇಕು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ರಾಜ್ಯ ಒಂದಾದ ಮರುವರ್ಷ, 1957ರಲ್ಲಿ ಕಟ್ಟಿದ್ದು. 2000ರ ದಶಕದ ನಡುವಿನಿಂದ ಅಲ್ಲಿ ನಿಯಮದಂತೆ ಪ್ರಮಾಣಿತವಾದ ರಾಷ್ಟ್ರಧ್ವಜ ತಯಾರಾಗುತ್ತಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಕಡೆ ನೇಯ್ದ ಬಟ್ಟೆ ಅಲ್ಲಿಗೆ ಬಂದು, ಬಣ್ಣವಾಗಿ, ಚಕ್ರದ ಅಚ್ಚಾಗಿ, ಹೊಲಿಗೆಯಾಗಿ ಹೊರಡುತ್ತದೆ. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ನೂಲುವುದು ಬಿಟ್ಟ ಮೇಲೆ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮೂರು ಬಣ್ಣದ ಪಟ್ಟಿಗಳನ್ನು ಅಳೆದು ಕತ್ತರಿಸಿ ಕೂಡಿಸುವುದನ್ನು, ಚಕ್ರದ ಅಚ್ಚು ಎರಡೂ ಮೈಯಲ್ಲಿ ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದಂತೆ ಹಾಕುವುದನ್ನು ಅವಳು ನಿಂತುಕೊಂಡೇ ನೋಡಿದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಒಂದು ಧ್ವಜದ ಅಂಚು ತಿರುವಿ ಇಮ್ಮಡಿ ಹೊಲಿಗೆ ಇದೆಯೆಂದು ಖಾತ್ರಿಮಾಡಿಕೊಂಡಳು. ಹೊಲಿಯುತ್ತಿದ್ದ ಹುಡುಗಿಗೆ ಇವಳು ನೂಲುತ್ತಿದ್ದವಳೆಂದು ತಿಳಿದಾಗ ಮಷಿನ್ ನಿಲ್ಲಿಸಿ ಎದ್ದು ಕಾಲಿಗೆ ಬಿದ್ದಳು. ‘ನೀವು ನೂಲಲಿಲ್ಲಂದ್ರ ನಾವೇನು ಹೊಲಿತಿದ್ವಿ ಯಮ್ಮಾ’ ಎಂದಳು. ಅವ್ವ ಅವಳ ಗಲ್ಲ ಹಿಡಿದು, ‘ನೀ ಹೊಲಿಲಿಲ್ಲಂದ್ರ ನಂದು ನೂಲಾಗೇ ಉಳಿತಿತ್ತು ತಂಗೀ’ ಎಂದಳು. ಯಾರಿಗೂ ಕೇಳದ ಈ ಮಾತುಕತೆ ಕೆಂಪುಕೋಟೆಯ ಭಾಷಣಕ್ಕಿಂತ ನನಗೆ ದೊಡ್ಡದು.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ನೇಯ್ದ ಧ್ವಜವೂ ಆಗಬಹುದು ಎಂದಾಯಿತು. ಮುಂದಿನ ವರ್ಷ ಸ್ವಾತಂತ್ರ್ಯದ 75ನೇ ವರ್ಷಕ್ಕೆ ಮನೆಮನೆಯಲ್ಲಿ ತ್ರಿವರ್ಣ ಎಂಬ ಅಭಿಯಾನ ನಡೆಯಿತು. ಬೆಂಗೇರಿಯವರು ತಿದ್ದುಪಡಿ ವಾಪಸು ತೆಗೆದುಕೊಳ್ಳಿ ಎಂದು ಕೇಳಿಕೊಂಡರು. ನನ್ನ ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳುತ್ತೇನೆ. ಬಡವರ ಮನೆಯ ಮೇಲೂ ಧ್ವಜ ಹಾರುವುದು ನನಗೆ ಸಂತೋಷ. ಧ್ವಜ ಹಾರಿಸುವುದು ಪ್ರಜೆಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದಾಗ ನಾನು ತರಗತಿಯಲ್ಲಿ ಮಕ್ಕಳಿಗೆ ಪೇಢಾ ಹಂಚಿದವಳು. ಖಾದಿ ಧ್ವಜಕ್ಕೆ ಬೆಲೆ ಹೆಚ್ಚು, ಕೋಟ್ಯಂತರ ಮನೆಗೆ ಸಾಕಾಗುವಷ್ಟು ನೂಲುವ ಕೈಗಳಿಲ್ಲ, ಇದೂ ನಿಜ. ಆದರೆ ಯಂತ್ರದಿಂದ ರಾಶಿರಾಶಿ ಬೀಳುವ ಬಟ್ಟೆಯಲ್ಲಿ ಯಾರನ್ನು ನೆನೆಯಬೇಕು? ಆಗಸ್ಟ್ 16ರ ಬೆಳಿಗ್ಗೆ ಗಟಾರದ ಪಕ್ಕ ಬಿದ್ದ ಹಾಳೆಯಂಥ ಧ್ವಜಗಳನ್ನು ಆಯ್ದು ತರುವಾಗ ಎದೆ ಹಿಂಡುತ್ತದೆ. ಕೈಯಿಂದ ಬಂದ ವಸ್ತುವನ್ನು ಮನುಷ್ಯ ಸುಲಭವಾಗಿ ಬೀದಿಗೆ ಎಸೆಯಲಾರ. ಕೊನೆಗೆ ಸರಕಾರಿ ಕಟ್ಟಡಗಳು, ಶಾಲೆಗಳು, ಪಂಚಾಯ್ತಿಗಳು, ಸೈನ್ಯ, ಇಷ್ಟಾದರೂ ಕೈನೂಲಿನ ಧ್ವಜವನ್ನೇ ಏರಿಸಬೇಕೆಂಬ ಕಟ್ಟುಪಾಡು ಮರಳಿ ಬರಬೇಕು. ನೂಲುವವಳ ಕೂಲಿ ಅವಳ ಮಗಳು ನೋಡಿ ತಾನೂ ನೂಲುತ್ತೇನೆ ಅನ್ನುವಷ್ಟು ಏರಬೇಕು. ನಮ್ಮೂರ ಕೇಂದ್ರದಲ್ಲಿ ಈಗ ಒಂದೇ ಸಾಲು ಚರಕ. ಹೊಸ ಸೊಸೆಯಂದಿರು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅಲ್ಲಿ ಪಗಾರ ತಿಂಗಳಿಗೆ ಸರಿಯಾಗಿ ಬರುತ್ತದೆ. ಅವರನ್ನು ಹೋಗಬೇಡಿ ಎನ್ನಲು ನನಗೆ ಬಾಯಿಲ್ಲ.

ನಿವೃತ್ತಳಾದ ಮೇಲೆ ನಾನು ಧಾರವಾಡದಲ್ಲಿ ಉಳಿದಿದ್ದೇನೆ. ಶನಿವಾರ ಬಂದರೆ ಊರಿನ ಬಸ್ಸು ಹತ್ತುತ್ತೇನೆ. ತಮ್ಮ ಸೈನ್ಯದಿಂದ ಬಂದವನು ಪಟ್ಟಣದಲ್ಲಿ ಕಾವಲುಗಾರನ ಕೆಲಸ ಸಿಕ್ಕರೂ ಹೋಗಲಿಲ್ಲ, ಅಪ್ಪನ ಎರಿ ಹೊಲ ಹಿಡಿದ. ಊರ ಶಾಲೆಗೆ ವರ್ಷಕ್ಕೊಂದು ಖಾದಿ ಧ್ವಜ ಬೆಂಗೇರಿಯಿಂದ ತಂದುಕೊಡುವುದು ನಮ್ಮಿಬ್ಬರ ಲೆಕ್ಕ. ಕಾಶ್ಮೀರದಿಂದ ಪೆಟ್ಟಿಗೆಯಲ್ಲಿ ಬಂದ ಆ ಹುಡುಗನ ತಾಯಿಯ ಹೊಲವನ್ನೂ ತಮ್ಮನೇ ಬಿತ್ತಿ, ತಾನೇ ರಾಶಿ ಮಾಡಿ ಮನೆ ಮುಟ್ಟಿಸುತ್ತಾನೆ. ಇದರ ಬಗ್ಗೆ ಅವನು ಯಾರೊಂದಿಗೂ ಮಾತಾಡುವುದಿಲ್ಲ. ಅವನ ಅನುಮತಿ ಕೇಳದೆ ನಾನು ಇಲ್ಲಿ ಬರೆದಿದ್ದೇನೆ, ಬರೆಯಲೇಬೇಕು ಅನ್ನಿಸಿತು.

ಈ ಸಲ ಅವನು ಒಂದು ಎಕರೆಯಲ್ಲಿ ಜಯಧರ ಹತ್ತಿ ಹಾಕಿದ್ದಾನೆ. ಅಪ್ಪನ ಕಾಲಕ್ಕೆ ನಮ್ಮ ಕಡೆ ಎಲ್ಲರೂ ಬಿತ್ತುತ್ತಿದ್ದ ನಾಟಿ ಹತ್ತಿ ಅದು. ಎಳೆ ಗಿಡ್ಡ, ಇಳುವರಿ ಕಡಿಮೆ, ಮಳೆ ಹೋದ ಮೇಲೂ ಎರಿಯ ಒಳಗಿನ ತೇವಕ್ಕೆ ಬೇರಿಳಿಸಿ ನಿಲ್ಲುವ ಬೆಳೆ. ಬಿ.ಟಿ. ಹತ್ತಿ ಬಂದ ಮೇಲೆ ಅದನ್ನು ಬಿಟ್ಟವರೇ ಹೆಚ್ಚು. ಇವನು ಹುಡುಕಿ ಬೀಜ ತಂದ. ನಮ್ಮ ಹೊಲದ ಹತ್ತಿಯನ್ನೇ ನಮ್ಮ ಕೇಂದ್ರಕ್ಕೆ ನೂಲಾಗಿ ಕೊಡಿಸಬೇಕು ಎಂಬುದು ಅವನ ಆಸೆ. ಅಷ್ಟು ಸುಲಭವಲ್ಲ. ಸ್ವಲ್ಪೇ ಅರಳೆಯನ್ನು ಬೇರೆಯಾಗಿ ಹಿಂಜಿ ಹಂಜಿ ಮಾಡಿಕೊಡುವ ಗಿರಣಿ ಹತ್ತಿರದಲ್ಲಿಲ್ಲ, ಧ್ವಜದ ನೂಲಿಗೆ ಈ ಎಳೆ ಒಗ್ಗುವುದೋ ಎಂಬ ಪ್ರಶ್ನೆ ಬೇರೆ.

ಫೆಬ್ರವರಿಯಲ್ಲಿ ಮೊದಲ ಕಾಯಿಗಳು ಒಡೆದಾಗ ಅವ್ವನನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊಲಕ್ಕೆ ಒಯ್ದ. ನಾನು ಹಿಂದಿನಿಂದ ನಡೆದು ಹೋದೆ. ಎಂಬತ್ತು ದಾಟಿದವಳು ಒಂದು ಕಾಯಿ ಬಿಡಿಸಿ, ಅರಳೆ ಎಳೆದು, ಬೆರಳಲ್ಲಿ ಹೊಸೆದು, ಬಿಸಿಲಿಗೆ ಹಿಡಿದು ನೋಡಿದಳು. ತಮ್ಮ, ಶಾಲೆಯ ಹುಡುಗನಂತೆ, ಅವಳ ಮುಖ ನೋಡುತ್ತ ನಿಂತಿದ್ದ.

‘ಧ್ವಜಕ್ಕ ಆಗತೈತೇನಬೇ?’ ಎಂದು ಕೇಳಿದ.

‘ನೂತು ನೋಡಬೇಕು’ ಎಂದಳು ಅವ್ವ. ‘ಒಂದು ಮಣ ಬಿಡಿಸಿ ಇಡು. ಚಿಗವ್ವನ ಮನ್ಯಾಗ ಹಳೀ ರಾಟಿ ಐತಿ, ಸಂಜಿಕ್ಕ ಇಸಗೊಂಡ ಬಾ. ಮತ್ತ ಈ ಸಾಲಿನ್ಯಾಗ ಕಸ ಭಾಳ ಬೆಳದೈತಿ ನೋಡು, ನಾಳೆ ಆಳು ಹಚ್ಚು.’